ಬೀದರ್‌ನಿಂದ ಲಂಡನ್‌ಗೆ ವಿಮಾನದ ದೂರ ಮತ್ತು ಹಾರಾಟದ ಸಮಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳು ಓದಲೆಂದೋ ದುಡಿಯಲೆಂದೋ ಇಂಗ್ಲೆಂಡಿಗೆ ಹೋದ ಮೇಲೆ ಬೀದರ್, ಭಾಲ್ಕಿ, ಹುಮನಾಬಾದ್, ಕಲಬುರಗಿ, ಸೇಡಂ, ಯಾದಗಿರಿ ಕಡೆಯ ಮನೆಗಳಲ್ಲಿ ಲಂಡನ್ ಎಷ್ಟು ದೂರ ಎಂಬ ಮಾತು ಬಂದೇ ಬರುತ್ತದೆ. ಅಂತರ್ಜಾಲದಲ್ಲಿ ಹುಡುಕಿದರೆ ಒಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಸುಳ್ಳಲ್ಲ, ಆದರೆ ಅದನ್ನು ನಂಬಿ ಚೀಲ ಕಟ್ಟಿಕೊಂಡು ಹೊರಡಲು ಆಗುವುದಿಲ್ಲ. ಆಕಾಶದ ಕಿಲೋಮೀಟರುಗಳ ಲೆಕ್ಕ ಬೇರೆ, ನಮ್ಮ ಮನೆಯ ಬಾಗಿಲಿನಿಂದ ಎಣಿಸಬೇಕಾದ ತಾಸುಗಳ ಲೆಕ್ಕ ಬೇರೆ. ಮೊದಲ ಬಾರಿ ವಿಮಾನ ಹತ್ತುವ ತಂದೆತಾಯಿಯರಿಗೆ ಎರಡನೆಯದೇ ಮುಖ್ಯ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಉತ್ತರಗಳನ್ನು ಬರೆದಿದ್ದೇನೆ.

ಬೀದರ್‌ನಿಂದ ಲಂಡನ್‌ಗೆ ವಿಮಾನ ಮಾರ್ಗದ ದೂರ ಎಷ್ಟು?

ಭೂಮಿಯ ಮೇಲ್ಮೈಯಲ್ಲಿ ಅತಿ ಹತ್ತಿರದ ದಾರಿ ಹಿಡಿದರೆ ಬೀದರ್‌ನಿಂದ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ಸುಮಾರು 7,640 ಕಿ.ಮೀ. ಆಗುತ್ತದೆ. ಈ ದಾರಿಯಲ್ಲಿ ನೇರವಾಗಿ ಹಾರುವ ವಿಮಾನವಿಲ್ಲ. ಹೈದರಾಬಾದಿನ ಶಂಷಾಬಾದ್ ನಿಲ್ದಾಣದಿಂದ ಹೀಥ್ರೂಗೆ ಸುಮಾರು 7,760 ಕಿ.ಮೀ. ಹಾಗಾಗಿ ವಿಮಾನದಲ್ಲಿ ನಿಜವಾಗಿ ಕ್ರಮಿಸುವ ದೂರವನ್ನು ಈ ಎರಡನೆಯ ಸಂಖ್ಯೆಯಿಂದ ಲೆಕ್ಕ ಹಾಕುವುದು ಸರಿ.

ಕಲಬುರಗಿ, ಯಾದಗಿರಿಯಿಂದ ಎಷ್ಟಾಗುತ್ತದೆ?

ಕಲಬುರಗಿಯಿಂದಲೂ ಹೆಚ್ಚುಕಡಿಮೆ 7,640 ಕಿ.ಮೀ. ಬೀದರ್‌ಗೂ ಕಲಬುರಗಿಗೂ ನಡುವೆ ನೂರು ಕಿಲೋಮೀಟರಿನಷ್ಟು ಅಂತರವಿದ್ದರೂ ಲಂಡನ್ ಎರಡಕ್ಕೂ ಒಂದೇ ದೂರದಲ್ಲಿದೆ. ಕಲಬುರಗಿಯಲ್ಲಿ ನಿಂತು ನೋಡಿದರೆ ಲಂಡನ್ ವಾಯವ್ಯಕ್ಕೆ ಬರುತ್ತದೆ, ಬೀದರ್ ಈಶಾನ್ಯಕ್ಕೆ. ಎರಡು ದಿಕ್ಕುಗಳ ನಡುವೆ ಸರಿಯಾಗಿ ಲಂಬಕೋನವಿದೆ. ಆದ್ದರಿಂದ ಕಲಬುರಗಿಯಿಂದ ಬೀದರ್‌ಗೆ ಹೋದವರು ಲಂಡನ್ನಿಗೆ ಹತ್ತಿರವೂ ಆಗುವುದಿಲ್ಲ, ದೂರವೂ ಆಗುವುದಿಲ್ಲ. ಯಾದಗಿರಿ ದಕ್ಷಿಣಕ್ಕಿರುವುದರಿಂದ ಅಲ್ಲಿಂದ ಅರವತ್ತು, ಎಪ್ಪತ್ತು ಕಿಲೋಮೀಟರು ಹೆಚ್ಚಾಗುತ್ತದೆ.

ನಮ್ಮ ಭಾಗದ ವಿಮಾನ ನಿಲ್ದಾಣಗಳಿಂದ ನೇರ ವಿಮಾನ ಇದೆಯೇ?

ಇಲ್ಲ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು, ಬೀದರ್‌ನಲ್ಲಿ ನಾಗರಿಕ ವಿಮಾನ ಸೇವೆ 2020ರ ಫೆಬ್ರುವರಿ 7ರಂದು ಶುರುವಾಯಿತು. ಬೀದರ್‌ನ ರನ್‌ವೇ ವಾಯುಪಡೆಯದು, ಸೂರ್ಯಕಿರಣ ತಂಡದ ನೆಲೆಯೂ ಅದೇ. ಎರಡೂ ಕಡೆ ಹಾರಿರುವುದು ದೇಶದೊಳಗಿನ ವಿಮಾನಗಳು ಮಾತ್ರ. ಆ ಸೇವೆಗಳೂ ನಡುನಡುವೆ ನಿಂತು ಮತ್ತೆ ಆರಂಭವಾದದ್ದುಂಟು. ಆದ್ದರಿಂದ ಇಲ್ಲಿಂದ ಬೆಂಗಳೂರಿಗೆ ಹಾರಿ ಅಲ್ಲಿಂದ ಮುಂದೆ ಹೋಗುವ ಯೋಜನೆ ಮಾಡುವವರು ಆ ವಾರದ ವೇಳಾಪಟ್ಟಿಯನ್ನು ನೋಡಿದ ಮೇಲೆಯೇ ಹಣ ಕಟ್ಟಬೇಕು. ಯಾದಗಿರಿಯಲ್ಲಿ ವಿಮಾನ ನಿಲ್ದಾಣವಿಲ್ಲ.

ಹಾಗಾದರೆ ಹೈದರಾಬಾದ್, ಬೆಂಗಳೂರು, ಮುಂಬೈ: ಯಾವುದರಿಂದ ಹೊರಡುವುದು ಒಳ್ಳೆಯದು?

ಬೀದರ್ ಜಿಲ್ಲೆಯವರಿಗೆ ಹೈದರಾಬಾದ್ ಎಂದು ಯೋಚಿಸದೆ ಹೇಳುತ್ತೇನೆ. ಜಹೀರಾಬಾದ್, ಸಂಗಾರೆಡ್ಡಿ ಮೂಲಕ ಪಟಾನ್‌ಚೆರು ತಲುಪಿ ಅಲ್ಲಿ ಹೊರವರ್ತುಲ ರಸ್ತೆ ಹಿಡಿದರೆ ನಗರದೊಳಗೆ ಹೋಗದೆಯೇ ಶಂಷಾಬಾದ್ ಸೇರಬಹುದು. ಯಾದಗಿರಿಯವರೂ ಗುರುಮಠಕಲ್, ನಾರಾಯಣಪೇಟೆ, ಮಹಬೂಬ್‌ನಗರ ದಾರಿಯಲ್ಲಿ ಹೋದರೆ ನಗರ ಬರುವುದಕ್ಕೆ ಮೊದಲೇ ನಿಲ್ದಾಣ ಸಿಗುತ್ತದೆ. ಕಲಬುರಗಿಯಿಂದ ಸೇಡಂ, ಕೊಡಂಗಲ್, ಪರಿಗಿ ದಾರಿಯಿದೆ, ಹುಮನಾಬಾದಿಗೆ ಬಂದು ಹೆದ್ದಾರಿ ಸೇರುವ ದಾರಿಯೂ ಇದೆ. ದೂರ ಸುಮಾರು 220 ಕಿ.ಮೀ.

ಮುಂಬೈಯನ್ನು ಕಲಬುರಗಿಯವರು ಮರೆಯಬಾರದು. ನಮ್ಮ ಊರು ಮುಂಬೈ–ಚೆನ್ನೈ ರೈಲು ಮಾರ್ಗದಲ್ಲೇ ಇದೆ. ರಾತ್ರಿ ರೈಲಿನಲ್ಲಿ ಮಲಗಿದರೆ ಸೊಲ್ಲಾಪುರ, ಪುಣೆ ದಾಟಿ ಬೆಳಗಾಗುತ್ತದೆ. ಮುಂಬೈಯಿಂದ ಲಂಡನ್‌ಗೆ ಸುಮಾರು 7,210 ಕಿ.ಮೀ., ಅಂದರೆ ಹೈದರಾಬಾದಿಗಿಂತ ಐನೂರಕ್ಕೂ ಹೆಚ್ಚು ಕಿಲೋಮೀಟರು ಕಡಿಮೆ. ಅಲ್ಲಿಂದ ಲಂಡನ್ನಿಗೆ ನೇರ ವಿಮಾನಗಳೂ ಹೆಚ್ಚು. ಆದರೆ ರೈಲಿನಿಂದ ಇಳಿದು ನಗರದ ದಟ್ಟಣೆಯಲ್ಲಿ ದೊಡ್ಡ ಸಾಮಾನು ಹೊತ್ತು ನಿಲ್ದಾಣ ಮುಟ್ಟುವುದು ವಯಸ್ಸಾದವರಿಗೆ ಸುಲಭವಲ್ಲ.

ಬೆಂಗಳೂರು ನಮ್ಮ ರಾಜಧಾನಿ, ಆದರೂ ಈ ಪ್ರಯಾಣಕ್ಕೆ ಅದು ಹಿಮ್ಮುಖದ ದಾರಿ. ಬೀದರ್‌ನಿಂದ ದಕ್ಷಿಣಕ್ಕೆ 520 ಕಿ.ಮೀ. ಹಾರಿ, ಅಲ್ಲಿಂದ ವಾಯವ್ಯಕ್ಕೆ ಮತ್ತೆ 8,050 ಕಿ.ಮೀ. ಹಾರಬೇಕು. ಬೆಂಗಳೂರಿನಲ್ಲಿ ನೆಂಟರೋ ಮಕ್ಕಳೋ ಇದ್ದು, ಒಂದು ದಿನ ತಂಗಿ ಹೋಗುವುದಾದರೆ ಮಾತ್ರ ಅದು ಹಿತ.

ಹೈದರಾಬಾದಿನಿಂದ ಲಂಡನ್‌ಗೆ ಎಷ್ಟು ತಾಸು ಹಾರಬೇಕು?

ನೇರ ವಿಮಾನವಾದರೆ ಹೋಗುವಾಗ 10ರಿಂದ 11 ತಾಸು, ಬರುವಾಗ 9ರಿಂದ 10 ತಾಸು. ಇದು ಟಿಕೆಟ್‌ನಲ್ಲಿ ಬರೆದಿರುವ ಅವಧಿ. ವಿಮಾನ ತನ್ನ ಜಾಗದಿಂದ ಕದಲಿದ ಕ್ಷಣದಿಂದ ಅಲ್ಲಿಯ ಬಾಗಿಲಿಗೆ ಹೋಗಿ ನಿಲ್ಲುವವರೆಗಿನ ಎಲ್ಲ ಸಮಯವೂ ಅದರಲ್ಲಿ ಸೇರಿರುತ್ತದೆ. ರನ್‌ವೇವರೆಗೆ ನಿಧಾನವಾಗಿ ಸಾಗುವುದು, ಸರದಿ ಕಾಯುವುದು, ಇಳಿದ ಮೇಲೆ ಮತ್ತೆ ಸಾಗುವುದು, ಎಲ್ಲವೂ ಸೇರಿ ಅರ್ಧ ಮುಕ್ಕಾಲು ತಾಸು ಹೋಗುತ್ತದೆ.

ಈಗ ಮನೆಯಿಂದ ಎಣಿಸೋಣ. ಉದಾಹರಣೆಗೆ, ವಿಮಾನ ಬೆಳಿಗ್ಗೆ 7ಕ್ಕೆ ಇದೆ ಎಂದುಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ತಾಸು ಮೊದಲು, ಅಂದರೆ 4ಕ್ಕೆ ನಿಲ್ದಾಣದಲ್ಲಿರಬೇಕು. ಬೀದರ್‌ನಿಂದ ಕಾರಿನಲ್ಲಿ ಮೂರೂವರೆ ತಾಸು ಹಿಡಿಯಿರಿ, ದಾರಿಯಲ್ಲಿ ಚಹಾಕ್ಕೆ ನಿಂತರೆ ಇನ್ನೊಂದು ಅರ್ಧ ತಾಸು. ಹಿಂದಿನ ರಾತ್ರಿ ಹನ್ನೆರಡಕ್ಕೆ ಹೊರಡಬೇಕಾಯಿತು. ಹತ್ತೂವರೆ ತಾಸು ಹಾರಿದರೆ ನಮ್ಮ ಗಡಿಯಾರದಲ್ಲಿ ಸಂಜೆ ಐದೂವರೆಗೆ ಇಳಿಯುತ್ತೀರಿ. ಪಾಸ್‌ಪೋರ್ಟ್ ತಪಾಸಣೆಯ ಸಾಲು, ಸಾಮಾನಿಗೆ ಕಾಯುವುದು ಎಲ್ಲ ಸೇರಿ ಹೊರಗೆ ಬರುವಾಗ ಏಳು ಗಂಟೆ. ಮಕ್ಕಳ ಮನೆ ಲಂಡನ್ನಿನಲ್ಲೇ ಇದ್ದರೂ ಅಲ್ಲಿಗೆ ಇನ್ನೊಂದು ತಾಸು ಬೇಕು. ಒಟ್ಟು ಇಪ್ಪತ್ತು ತಾಸು. ಹತ್ತು ತಾಸಿನ ಪ್ರಯಾಣ ಎಂದು ಹೇಳಿ ಕಳಿಸಿದ ತಾಯಿ ಇಪ್ಪತ್ತು ತಾಸು ಎಚ್ಚರವಿದ್ದು ಬಂದಿಳಿಯುತ್ತಾರೆ ಎಂಬುದನ್ನು ಕರೆಸಿಕೊಳ್ಳುವ ಮಕ್ಕಳು ದಯವಿಟ್ಟು ಗಮನಿಸಬೇಕು. ಸಾಧ್ಯವಿದ್ದರೆ ಹಿಂದಿನ ಸಂಜೆಯೇ ಹೈದರಾಬಾದಿಗೆ ಹೋಗಿ ನಾಲ್ಕು ತಾಸಾದರೂ ಮಲಗುವ ವ್ಯವಸ್ಥೆ ಮಾಡಿ.

ಹೋಗುವಾಗ ಹೆಚ್ಚು ಸಮಯ, ಬರುವಾಗ ಕಡಿಮೆ ಏಕೆ? ಭೂಮಿ ತಿರುಗುವುದರಿಂದಲೇ?

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ಹಾಗಾಗಿ ಪಶ್ಚಿಮಕ್ಕೆ ಹಾರಿದರೆ ಲಂಡನ್ ತಾನೇ ಎದುರು ಬರಬೇಕಲ್ಲವೇ ಎಂದು ಶಾಲೆಯ ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತಿದೆ, ಆ ಗಾಳಿಯಲ್ಲಿರುವ ವಿಮಾನವೂ ತಿರುಗುತ್ತಿದೆ. ಓಡುವ ರೈಲಿನೊಳಗೆ ಮೇಲಕ್ಕೆ ಎಸೆದ ಚೆಂಡು ಮತ್ತೆ ಕೈಗೇ ಬೀಳುವಂತೆ ಇದು.

ನಿಜವಾದ ಕಾರಣ ಮೇಲಿನ ಗಾಳಿ. ವಿಮಾನಗಳು ಹಾರುವ ಹತ್ತು, ಹನ್ನೆರಡು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊನಲುಗಳು ಬೀಸುತ್ತವೆ. ಇವಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಇಂಥ ಒಂದು ಹೊನಲು ಉತ್ತರ ಭಾರತದ ಮೇಲೆಯೇ ಹರಿಯುತ್ತದೆ. ಲಂಡನ್‌ಗೆ ಹೋಗುವಾಗ ಅದು ಎದುರು ಗಾಳಿ, ಬರುವಾಗ ಬೆನ್ನ ಹಿಂದಿನ ಗಾಳಿ.

ಲೆಕ್ಕ ಹಾಕಿ ನೋಡಿ. ತಿರುವು ಮುರುವುಗಳು ಸೇರಿ ವಿಮಾನ ಹಾರುವ ದಾರಿ 8,200 ಕಿ.ಮೀ. ಎಂದುಕೊಳ್ಳೋಣ. ಗಾಳಿಯಲ್ಲಿ ಅದರ ವೇಗ ತಾಸಿಗೆ 900 ಕಿ.ಮೀ., ದಾರಿಯುದ್ದಕ್ಕೂ ಸರಾಸರಿ ಗಾಳಿ 60 ಕಿ.ಮೀ. ಹೋಗುವಾಗ ನೆಲದ ಲೆಕ್ಕದಲ್ಲಿ ವೇಗ 840ಕ್ಕೆ ಇಳಿಯುತ್ತದೆ, 9 ತಾಸು 46 ನಿಮಿಷ ಬೇಕು. ಬರುವಾಗ 960ಕ್ಕೆ ಏರುತ್ತದೆ, 8 ತಾಸು 33 ನಿಮಿಷ ಸಾಕು. ಒಂದೇ ದಾರಿ, ಒಂದೇ ವಿಮಾನ, ಆದರೂ ಒಂದು ತಾಸಿಗೂ ಹೆಚ್ಚು ವ್ಯತ್ಯಾಸ. ಗಾಳಿ ದಿನದಿನಕ್ಕೆ ಬದಲಾಗುವುದರಿಂದ ಒಂದೇ ವಿಮಾನ ಒಂದು ದಿನ ಬೇಗ, ಇನ್ನೊಂದು ದಿನ ತಡವಾಗಿ ಮುಟ್ಟುವುದರಲ್ಲಿ ಅಚ್ಚರಿಯಿಲ್ಲ.

ವಿಮಾನದ ಪರದೆಯಲ್ಲಿ ದಾರಿ ಬಾಗಿರುತ್ತದೆ. ನೇರವಾಗಿ ಏಕೆ ಹೋಗುವುದಿಲ್ಲ?

ಬಾಗಿದಂತೆ ಕಾಣುವ ಆ ಗೆರೆಯೇ ಹತ್ತಿರದ ದಾರಿ. ಶಾಲೆಯ ಗೋಡೆಯಲ್ಲಿ ತೂಗುಹಾಕಿದ ಭೂಪಟದಲ್ಲಿ ಬೀದರ್‌ನಿಂದ ಲಂಡನ್‌ಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆದರೆ ಅದರ ನಡುಬಿಂದು ಟರ್ಕಿ, ಸಿರಿಯಾ ಗಡಿಯ ಹತ್ತಿರ ಬೀಳುತ್ತದೆ. ಆ ಗೆರೆಯ ಮೇಲೆ ಹಾರಿದರೆ ದೂರ ಸುಮಾರು 7,880 ಕಿ.ಮೀ. ಆಗುತ್ತದೆ. ಅದೇ ಭೂಗೋಳದ ಮೇಲೆ ಒಂದು ದಾರವನ್ನು ಎರಡೂ ಊರಿಗೆ ಬಿಗಿಯಾಗಿ ಹಿಡಿದು ನೋಡಿ. ದಾರ ಉತ್ತರಕ್ಕೆ ಸರಿದು ಪಾಕಿಸ್ತಾನ, ಅಫ್ಘಾನಿಸ್ತಾನ, ತುರ್ಕ್‌ಮೆನಿಸ್ತಾನದ ಮೇಲೆ ಹಾದು ಕ್ಯಾಸ್ಪಿಯನ್ ಸಮುದ್ರ ದಾಟುತ್ತದೆ. ಸರಿಯಾಗಿ ಅರ್ಧ ದಾರಿಗೆ ಬರುವುದು ಅಜರ್‌ಬೈಜಾನ್ ದೇಶದ ಉತ್ತರ ಭಾಗ. ಇದಕ್ಕೆ ಮಹಾವೃತ್ತದ ದಾರಿ ಎಂದು ಹೆಸರು. ಉಳಿತಾಯ ಹೆಚ್ಚುಕಡಿಮೆ 240 ಕಿ.ಮೀ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಉತ್ತರದ ದೇಶಗಳು ಅಗಲಕ್ಕೆ ಹಿಗ್ಗುತ್ತವೆ, ಅದರಿಂದ ಕಣ್ಣಿಗೆ ಮೋಸವಾಗುತ್ತದೆ.

ಬೀದರ್‌ನವರಿಗೆ ಈ ಅರ್ಧ ದಾರಿಯ ಸೀಮೆ ಹೊಸದೇನಲ್ಲ. 15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯಾದ ವರ್ತಕ ತ್ವೇರ್ ಪಟ್ಟಣದಿಂದ ಹೊರಟು, ವೋಲ್ಗಾ ನದಿ ಹಿಡಿದು, ಕ್ಯಾಸ್ಪಿಯನ್ ತೀರದ ದೆರ್ಬೆಂತ್, ಬಾಕು ನಗರಗಳನ್ನು ಹಾದು, ಪರ್ಷಿಯಾ ದಾಟಿ, ಹೋರ್ಮುಜ್‌ನಿಂದ ಹಡಗಿನಲ್ಲಿ ಕೊಂಕಣದ ಚೌಲ್ ಬಂದರಿಗೆ ಇಳಿದು ಬಹಮನಿ ರಾಜಧಾನಿ ಬೀದರ್‌ಗೆ ಬಂದಿದ್ದ. ಬೀದರ್‌ನ ನಡುಭಾಗದಲ್ಲಿ ಇಂದಿಗೂ ನಿಂತಿರುವ ಮದರಸಾವನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗಾವಾನ್ ಕೂಡ ಅದೇ ಕ್ಯಾಸ್ಪಿಯನ್ನಿನ ದಂಡೆಯ ಗೀಲಾನ್‌ನಿಂದ ಬಂದವನು. ನಮ್ಮ ಭಾಗದ ಮಕ್ಕಳಿಗೆ ಭೂಗೋಳ ಕಲಿಸುವ ಶಿಕ್ಷಕರು ಈ ದಾರ ಹಿಡಿಸುವ ಪಾಠ ಮಾಡುವಾಗ ಇವರಿಬ್ಬರ ಹೆಸರು ಹೇಳಬೇಕೆಂದು ನನ್ನ ಆಸೆ. ಅವರಿಗೆ ತಿಂಗಳು, ವರ್ಷಗಳು ಹಿಡಿದ ದಾರಿಯಲ್ಲಿ ಇಂದು ಐದು ತಾಸಿಗೆ ಕ್ಯಾಸ್ಪಿಯನ್ ಸೀಮೆ ಮುಟ್ಟಬಹುದು.

ಯುದ್ಧಗಳಿಂದ ಸಮಯ ಹೆಚ್ಚಾಗಿದೆ ಎನ್ನುತ್ತಾರೆ, ನಿಜವೇ?

ನಿಜ. ಮೇಲೆ ಹೇಳಿದ ದಾರ ಅಜರ್‌ಬೈಜಾನ್ ದಾಟಿದ ಮೇಲೆ ರಷ್ಯಾದ ದಕ್ಷಿಣ ಅಂಚನ್ನು ಮುಟ್ಟಿ ಉಕ್ರೇನ್ ಮೇಲೆ ಹೋಗುತ್ತದೆ. 2022ರ ಫೆಬ್ರುವರಿ 24ರಂದು ಯುದ್ಧ ಶುರುವಾದಾಗ ಉಕ್ರೇನ್ ತನ್ನ ಆಕಾಶವನ್ನು ನಾಗರಿಕ ವಿಮಾನಗಳಿಗೆ ಮುಚ್ಚಿತು. ಬ್ರಿಟನ್ನಿನ ವಿಮಾನಗಳಿಗೆ ರಷ್ಯಾದ ಆಕಾಶವೂ ಮುಚ್ಚಿತು. ಹೀಗಾಗಿ ಅತಿ ಹತ್ತಿರದ ದಾರಿ ಎಂಬುದು ಈಗ ಭೂಗೋಳದ ಮೇಲಿನ ದಾರದಲ್ಲಿ ಮಾತ್ರ ಉಳಿದಿದೆ. ವಿಮಾನಗಳು ದಕ್ಷಿಣಕ್ಕೆ ಸರಿದು ಟರ್ಕಿಯ ಕಡೆಯಿಂದ ಯುರೋಪ್ ಸೇರುತ್ತವೆ.

2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತೀಯ ಸಂಸ್ಥೆಗಳ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿತು. ಇದರ ಪೆಟ್ಟು ಹೆಚ್ಚು ಬಿದ್ದದ್ದು ದೆಹಲಿಯಿಂದ ಹೊರಡುವ ವಿಮಾನಗಳಿಗೆ. ದಕ್ಷಿಣದಿಂದ ಹೊರಡುವವು ಅರಬ್ಬಿ ಸಮುದ್ರದ ಮೇಲೆ ಸುತ್ತಿದರೆ ಅಷ್ಟು ನಷ್ಟವಿಲ್ಲ. ಆ ವರ್ಷದ ಜೂನ್‌ನಲ್ಲಿ ಇರಾನ್, ಇರಾಕ್ ಆಕಾಶವೂ ಕೆಲವು ದಿನ ಮುಚ್ಚಿ, ಎಷ್ಟೋ ವಿಮಾನಗಳು ನಡುದಾರಿಯಿಂದ ತಿರುಗಿದವು. ಇಂಥ ಸುದ್ದಿ ಬಂದ ವಾರದಲ್ಲಿ ಪ್ರಯಾಣವಿದ್ದರೆ ಮನೆಯಿಂದ ಹೊರಡುವ ಮುನ್ನ ವಿಮಾನದ ಸ್ಥಿತಿಯನ್ನು ಒಮ್ಮೆ ನೋಡಿಕೊಳ್ಳಿ. ಶಂಷಾಬಾದ್ ತಲುಪಿದ ಮೇಲೆ ರದ್ದಾಗಿದೆ ಎಂದು ತಿಳಿದರೆ ಬೀದರ್‌ಗೆ ಮರಳುವುದು ನಗರದವರಿಗೆ ಮನೆಗೆ ಮರಳಿದಷ್ಟು ಸುಲಭವಲ್ಲ.

ದುಬೈಯಲ್ಲಿ ಇಳಿದು ಹೋದರೆ ದೂರ ಬಹಳ ಹೆಚ್ಚುತ್ತದೆಯೇ?

ದೂರ ಹೆಚ್ಚುವುದಿಲ್ಲ, ಸಮಯ ಹೆಚ್ಚುತ್ತದೆ. ಹೈದರಾಬಾದ್–ದುಬೈ 2,550 ಕಿ.ಮೀ., ದುಬೈ–ಲಂಡನ್ 5,500 ಕಿ.ಮೀ. ಎರಡೂ ಸೇರಿ 8,050. ನೇರ ದಾರಿಗಿಂತ ಮುನ್ನೂರು ಕಿಲೋಮೀಟರು ಮಾತ್ರ ಹೆಚ್ಚು, ಅಂದರೆ ಇಪ್ಪತ್ತು ನಿಮಿಷದ ಹಾರಾಟ. ಆದರೆ ಅಲ್ಲಿ ಕಾಯುವುದು ಎರಡು ತಾಸಿನಿಂದ ಹತ್ತು ತಾಸಿನವರೆಗೂ ಇರಬಹುದು. ಟಿಕೆಟ್ ಅಗ್ಗ ಸಿಕ್ಕಿತೆಂದು ಸಂತೋಷಪಡುವ ಮುನ್ನ ನಡುವಿನ ಕಾಯುವ ಸಮಯ ನೋಡಿ. ಎರಡು ತಾಸಿಗಿಂತ ಕಡಿಮೆ ಇದ್ದರೆ ಮೊಣಕಾಲು ನೋವಿರುವವರಿಗೆ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ನಡೆಯುವುದು ಕಷ್ಟ. ಮೂರು ತಾಸು ಒಳ್ಳೆಯ ಅಳತೆ.

ಒಂದು ಎಚ್ಚರಿಕೆ: ಎರಡೂ ವಿಮಾನಗಳು ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ತೆಗೆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಹೊರುವವರು ಯಾರೂ ಇರುವುದಿಲ್ಲ, ಸಾಮಾನನ್ನೂ ನಡುವೆ ತೆಗೆದುಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ.

ದುಬೈ, ಜೆಡ್ಡಾಕ್ಕೆ ಮಾತ್ರ ಹೋಗುವವರಿಗೆ ಎಷ್ಟು ಸಮಯ?

ಹೈದರಾಬಾದಿನಿಂದ ದುಬೈಗೆ ಸುಮಾರು ನಾಲ್ಕು ತಾಸು. ಜೆಡ್ಡಾ 4,140 ಕಿ.ಮೀ., ಆರು ತಾಸಿನ ಒಳಗೆ. ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು, ಜೆಡ್ಡಾದ್ದು ಎರಡೂವರೆ ತಾಸು ಹಿಂದೆ.

ಟಿಕೆಟ್‌ನಲ್ಲಿ ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 12ಕ್ಕೆ ತಲುಪುತ್ತದೆ ಎಂದಿದೆ. ಐದೇ ತಾಸೇ?

ಅಲ್ಲ. ಹೊರಡುವ ಸಮಯ ನಮ್ಮ ದೇಶದ್ದು, ತಲುಪುವ ಸಮಯ ಅಲ್ಲಿಯದು. ಚಳಿಗಾಲದಲ್ಲಿ ಲಂಡನ್ ಗಡಿಯಾರ ನಮಗಿಂತ ಐದೂವರೆ ತಾಸು ಹಿಂದೆ. ಆ ಐದಕ್ಕೆ ಐದೂವರೆ ಸೇರಿಸಿ, ಹತ್ತೂವರೆ ಆಯಿತು. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ. ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ ವ್ಯತ್ಯಾಸ ನಾಲ್ಕೂವರೆ ತಾಸು ಮಾತ್ರ. ಮರಳಿ ಬರುವಾಗ ಇದೇ ವ್ಯತ್ಯಾಸವನ್ನು ಕಳೆಯಬೇಕು. ರಾತ್ರಿ ಹೊರಟವರು ಮರುದಿನ ಮಧ್ಯಾಹ್ನದ ಹೊತ್ತಿಗೆ ಇಳಿಯುವುದು ಅದಕ್ಕೇ. ಕರೆದುಕೊಂಡು ಬರಲು ಕಾರು ಗೊತ್ತುಮಾಡುವಾಗ ತಾರೀಕು ಸರಿಯಾಗಿ ನೋಡಿ.

ಪರದೆಯ ಮೇಲೆ ದೂರ ಬೇರೆಯೇ ಕಾಣುತ್ತದಲ್ಲ?

ಅದು ಮೈಲು ಇರಬೇಕು. 7,760 ಕಿ.ಮೀ. ಎಂದರೆ ಸುಮಾರು 4,820 ಮೈಲು. ಪೈಲಟ್‌ಗಳು ಬಳಸುವ ನಾಟಿಕಲ್ ಮೈಲು 1.852 ಕಿ.ಮೀ., ಆ ಲೆಕ್ಕದಲ್ಲಿ 4,190.

ವಯಸ್ಸಾದ ತಂದೆತಾಯಿ ಇಷ್ಟು ಹೊತ್ತು ಕುಳಿತಿರಬಹುದೇ?

ಆರೋಗ್ಯ ಸರಿಯಾಗಿದ್ದರೆ ಧಾರಾಳವಾಗಿ. ಹೃದಯ, ಉಸಿರಾಟದ ತೊಂದರೆ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಹತ್ತು ತಾಸು ಕದಲದೆ ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ತಾಸಿಗೊಮ್ಮೆ ಪಾದ ಆಡಿಸಿ, ಎರಡು ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲು ಹೇಳಿ. ಶೌಚಾಲಯಕ್ಕೆ ಪದೇ ಪದೇ ಏಳಬೇಕಾದೀತು ಎಂದು ನಮ್ಮ ತಾಯಂದಿರು ನೀರನ್ನೇ ಕುಡಿಯುವುದಿಲ್ಲ, ಇದು ಒಳ್ಳೆಯದಲ್ಲ. ವಿಮಾನದೊಳಗಿನ ಗಾಳಿ ಬಹಳ ಒಣಗಿರುತ್ತದೆ. ಹಾದಿಯ ಪಕ್ಕದ ಆಸನ ಕೇಳಿ ಪಡೆದರೆ ಪಕ್ಕದವರನ್ನು ಎಬ್ಬಿಸುವ ಸಂಕೋಚ ಇರುವುದಿಲ್ಲ.

ಗಾಲಿಕುರ್ಚಿ ಬೇಕಿದ್ದರೆ ಕನಿಷ್ಠ ಎರಡು ದಿನ ಮೊದಲು ವಿಮಾನ ಸಂಸ್ಥೆಗೆ ತಿಳಿಸಿ. ಇಂಗ್ಲಿಷ್ ಬಾರದವರಿಗೂ ಇದರಿಂದ ದೊಡ್ಡ ನೆರವಾಗುತ್ತದೆ, ಜೊತೆಗೊಬ್ಬರು ದಾರಿ ತೋರಿಸುತ್ತಾರೆ. ಮಾತ್ರೆ, ಇನ್ಸುಲಿನ್ ಕೈಚೀಲದಲ್ಲಿರಲಿ, ವೈದ್ಯರ ಚೀಟಿಯೂ ಜೊತೆಗಿರಲಿ. ಊಟದ ಹೊತ್ತು ಐದು ತಾಸು ಹಿಂದೆ ಸರಿಯುವುದರಿಂದ ಸಕ್ಕರೆ ಕಾಯಿಲೆಯವರು ಮದ್ದಿನ ಸಮಯವನ್ನು ಮೊದಲೇ ವೈದ್ಯರಿಂದ ಬರೆಸಿಕೊಳ್ಳಬೇಕು. ತಲುಪಿದ ಮೊದಲ ಕೆಲವು ದಿನ ನಸುಕಿನ ಎರಡು, ಮೂರಕ್ಕೇ ಎಚ್ಚರವಾಗುತ್ತದೆ. ಹಗಲು ಬೆಳಕಿನಲ್ಲಿ ಅಡ್ಡಾಡಿದರೆ ಬೇಗ ಸರಿಹೋಗುತ್ತದೆ. ಡಿಸೆಂಬರಿನಲ್ಲಿ ಹೋದವರಿಗೆ ಮಾತ್ರ ಈ ಬೆಳಕು ಕಡಿಮೆ, ಅಲ್ಲಿ ಆಗ ಸಂಜೆ ನಾಲ್ಕರೊಳಗೆ ಸೂರ್ಯ ಮುಳುಗುತ್ತಾನೆ.

ಮಕ್ಕಳಿಗೆಂದು ತಿನಿಸು ಒಯ್ಯಬಹುದೇ?

ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಒಯ್ಯಲು ಅಡ್ಡಿಯಿಲ್ಲ. ತುಪ್ಪ, ಪೇಡೆ, ಖೋವಾ ಮತ್ತು ಮಾಂಸದ ಪದಾರ್ಥ ಬೇಡ. ಭಾರತದಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಬ್ರಿಟನ್ನಿಗೆ ತರುವಂತಿಲ್ಲ, ಸಿಕ್ಕರೆ ಅಲ್ಲೇ ಕಿತ್ತುಕೊಳ್ಳುತ್ತಾರೆ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, ಎಣ್ಣೆ ಸೋರದಂತೆ ಕಟ್ಟಿ ದೊಡ್ಡ ಪೆಟ್ಟಿಗೆಗೆ ಹಾಕಿ. ಹಿಂಡಿಯನ್ನೂ ಅದರಲ್ಲೇ ಇಟ್ಟರೆ ತಪಾಸಣೆಯಲ್ಲಿ ಪ್ರಶ್ನೆ ಬರುವುದಿಲ್ಲ.

ಹೀಥ್ರೂದಿಂದ ಥೇಮ್ಸ್ ದಂಡೆಯ ಬಸವೇಶ್ವರ ಪ್ರತಿಮೆಗೆ ಹೇಗೆ ಹೋಗುವುದು?

ಬಸವಕಲ್ಯಾಣದ ಕಡೆಯವರು ಇದನ್ನು ಕೇಳದೆ ಬಿಡುವುದಿಲ್ಲ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಈ ಪ್ರತಿಮೆ ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ರಸ್ತೆಯ ಉದ್ಯಾನದಲ್ಲಿದೆ. ಹೀಥ್ರೂದಿಂದ ಪಿಕಡಿಲಿ ಮಾರ್ಗದ ರೈಲಿನಲ್ಲಿ ಗ್ರೀನ್ ಪಾರ್ಕ್‌ಗೆ ಬಂದು, ವಿಕ್ಟೋರಿಯಾ ಮಾರ್ಗಕ್ಕೆ ಬದಲಿಸಿ ವಾಕ್ಸ್‌ಹಾಲ್‌ನಲ್ಲಿ ಇಳಿದು, ನದಿಯ ದಂಡೆ ಹಿಡಿದು ಲ್ಯಾಂಬೆತ್ ಸೇತುವೆಯ ಕಡೆಗೆ ನಡೆಯಬೇಕು. ಎಲ್ಲ ಸೇರಿ ಒಂದೂಕಾಲು ತಾಸು ಹಿಡಿಯಬಹುದು. ಬಂದಿಳಿದ ದಿನವೇ ಬೇಡ, ಒಂದೆರಡು ದಿನ ನಿದ್ದೆ ಸರಿಹೋದ ಮೇಲೆ ಮಧ್ಯಾಹ್ನದೊಳಗೆ ಹೋಗಿ ಬನ್ನಿ.